ನಡೆಯಬೇಕಿದ್ದ ಕಾಲು

ಬಂಡು ಎನ್ನುವುದು ತೊಟ್ಟಿಲಲ್ಲಿ ಇಟ್ಟ ಹೆಸರಲ್ಲ. ಅಣ್ಣ ಗೋಪಾಲರಾಯರು ಚಿಕ್ಕಂದಿನಲ್ಲಿ ಹಾಗೆ ಕರೆದು ಕರೆದು, ಶಾಲೆಗೆ ಹಾಕುವಾಗಲೂ ಬಂಡುರಾವ್ ಕುಲಕರ್ಣಿ ಎಂದೇ ಬರೆಸಿಬಿಟ್ಟರು. ಕಮಲಾಪುರದ ಆ ಮನೆಯಲ್ಲಿ ಅಪ್ಪ ತೀರಿಕೊಂಡಾಗ ಬಂಡುವಿಗೆ ಇನ್ನೂ ಸರಿಯಾಗಿ ಓದಲು ಬರುತ್ತಿರಲಿಲ್ಲ. ಗೋಪಾಲರಾಯರು ಆಗಷ್ಟೇ ಟಪಾಲು ಹಂಚುವ ಕೆಲಸಕ್ಕೆ ಸೇರಿದ್ದರು. ಖಾಕಿ ಚೀಲ ಹೆಗಲಿಗೆ ಹಾಕಿಕೊಂಡು ಬೆಳಿಗ್ಗೆ ಹೊರಟರೆ ಸುತ್ತಲಿನ ಹಳ್ಳಿ, ತಾಂಡಾ, ಬಾಳೆಯ ತೋಟ ಎಲ್ಲ ಸುತ್ತಿ ಹೊತ್ತು ಇಳಿಯುವಾಗ ಮನೆಗೆ ಬರುತ್ತಿದ್ದರು. ಸೈಕಲ್ಲು ಕೊಡುತ್ತೇವೆಂದು ಪೋಸ್ಟ್ ಮಾಸ್ತರರು ಅಂದಾಗ, ಹೊಲದ ಬದುವಿನ ಮೇಲೆ ಸೈಕಲ್ಲು ಹೊತ್ತುಕೊಂಡು ಹೋಗುವ ಬದಲು ನಡೆದೇ ಹೋಗುತ್ತೇನೆ ಎಂದು ನಕ್ಕಿದ್ದರಂತೆ. ಆ ನಡಿಗೆಯ ಮೇಲೆಯೇ ಬಂಡು ಕಲಬುರಗಿಗೆ ಬಂದು ಕಾಲೇಜು ಕಲಿತ, ಆಸ್ಪತ್ರೆಯ ದಾಖಲೆ ಇಡುವ ತರಬೇತಿ ಪಡೆದ, ಎಂಬತ್ತರ ದಶಕದ ಮೊದಲಿಗೆ ಅಲ್ಲಿನದೇ ಒಂದು ದೊಡ್ಡ ಆಸ್ಪತ್ರೆಯಲ್ಲಿ ನೌಕರಿಗೆ ನಿಂತ. ಇದನ್ನು ಅವನು ಎಂದೂ ಮರೆಯಲಿಲ್ಲ. ಮರೆತಿದ್ದರೆ ಬಹುಶಃ ಅಣ್ಣನಿಗೆ ಒಳ್ಳೆಯದಾಗುತ್ತಿತ್ತು.

ಅವನ ಕೆಲಸ ಆಸ್ಪತ್ರೆಯ ಕೆಳಮಾಳಿಗೆಯ ರೆಕಾರ್ಡ್ ರೂಮಿನಲ್ಲಿ. ವಾರ್ಡಿನಿಂದ ಮನೆಗೆ ಹೋದವರ, ಮನೆಗೆ ಹೋಗದೆ ತೀರಿಕೊಂಡವರ ಫೈಲುಗಳೆಲ್ಲ ಅಲ್ಲಿಗೆ ಬರುತ್ತಿದ್ದವು. ಡಾಕ್ಟರು ಕೊನೆಗೆ ಬರೆದ ರೋಗದ ಹೆಸರನ್ನು ಓದಿ, ದಪ್ಪ ಪುಸ್ತಕದಲ್ಲಿ ಹುಡುಕಿ, ಅದಕ್ಕೆ ಹೊಂದುವ ಸಂಖ್ಯೆಯನ್ನು ಫೈಲಿನ ಮುಖದ ಮೇಲೆ ಕೆಂಪು ಶಾಯಿಯಲ್ಲಿ ಬರೆಯುವುದು ಬಂಡುವಿನ ಪಾಲಿನ ಕೆಲಸ. ಮನುಷ್ಯನಿಗೆ ಬರುವ ಒಂದೊಂದು ಬೇನೆಗೂ ದೇಶದೇಶಗಳಲ್ಲಿ ಅದೇ ಸಂಖ್ಯೆ ಎನ್ನುವುದು ಅವನಿಗೆ ಬಹಳ ಹಿಡಿಸಿತ್ತು. ಕಮಲಾಪುರದ ಒಕ್ಕಲಿಗನ ಕಾಲುನೋವಿಗೂ ಲಂಡನ್ನಿನ ಸಾಹುಕಾರನ ಕಾಲುನೋವಿಗೂ ಒಂದೇ ಗುರುತು ಎಂದು ಮನೆಯಲ್ಲಿ ಹೆಂಡತಿ ಜಾನಕೀಬಾಯಿಗೆ ಹೇಳಿ ಬೇಸರ ಹುಟ್ಟಿಸುತ್ತಿದ್ದ.

ಕೈಕಾಲುಗಳ ರಕ್ತನಾಳದ ಒಳಗೋಡೆಗೆ ಜಿಡ್ಡು ಕಟ್ಟಿ ನಾಳ ಸಣ್ಣಗಾಗುವ ರೋಗಕ್ಕೆ ಆಗ ನಾನೂರ ನಲವತ್ತು ಪಾಯಿಂಟ್ ಎರಡು. ಡಾಕ್ಟರರು ಅವಸರದಲ್ಲಿ ಬರೀ ‘ಕಾಲಿನ ರಕ್ತನಾಳದ ರೋಗ’ ಎಂದು ಗೀಚಿದರೆ ಅದಕ್ಕೆ ಬೇರೆಯೇ ಸಂಖ್ಯೆ ಹಾಕಬೇಕಾಗುತ್ತಿತ್ತು. ಯಾವ ಕಾರಣದಿಂದ ನಾಳ ಕಟ್ಟಿತು ಎನ್ನುವುದು ಅದರಲ್ಲಿ ತಿಳಿಯುತ್ತಿರಲಿಲ್ಲ. ಬಂಡುವಿಗೆ ಇದರಿಂದ ಸಮಾಧಾನವಾಗುತ್ತಿರಲಿಲ್ಲ. ಫೈಲು ಹಿಡಿದು ಮೆಟ್ಟಿಲು ಹತ್ತಿ, ‘ಸಾಹೇಬ್ರ, ಒಂದ್ ಮಾತು’ ಎಂದು ಬಾಗಿಲಲ್ಲಿ ನಿಲ್ಲುತ್ತಿದ್ದ. ಕೆಲವರು ಬೈದು ಕಳಿಸುತ್ತಿದ್ದರು, ಕೆಲವರು ಬರೆದುಕೊಡುತ್ತಿದ್ದರು. ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಮಂಜೂರ್ ನಗುತ್ತಿದ್ದ: ‘ಕುಲಕರ್ಣಿಯವರ, ರೋಗಿ ಮನೀಗಿ ಹೋಗಿ ಊಟ ಮಾಡಿ ಮಲ್ಕೊಂಡಾನ. ನೀವಿನ್ನಾ ಅವನ ಕಾಲ್ ಹಿಡ್ಕೊಂಡು ಕೂತೀರಿ.’

ಆ ಸಂಖ್ಯೆಯ ಫೈಲುಗಳು ಬೇರೆಯವಕ್ಕಿಂತ ದಪ್ಪ. ಒಂದೇ ಮನುಷ್ಯ ಮತ್ತೆ ಮತ್ತೆ ಭರ್ತಿಯಾಗುತ್ತಿದ್ದ. ಮೊದಲು ಬೆರಳಿನ ಗಾಯ, ಆಮೇಲೆ ಮಾಯದ ಹುಣ್ಣು, ಆಮೇಲೆ ಕಪ್ಪಾದ ಪಾದ, ಕಡೆಗೆ ಕಾಲು ಕತ್ತರಿಸಲು ಒಪ್ಪಿಗೆಯ ಹೆಬ್ಬೆಟ್ಟು. ವರ್ಷಗಟ್ಟಲೆ ಇವನ್ನೇ ಓದಿ ಬಂಡುವಿನ ಮನಸ್ಸಿನಲ್ಲಿ ಒಂದು ಮಾತು ಗಟ್ಟಿಯಾಗಿ ಕೂತಿತ್ತು: ಈ ರೋಗ ಹಿಡಿದವನ ಕಾಲು ಉಳಿಯುವುದಿಲ್ಲ. ಅದನ್ನು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ಅವನೇ ಕಣ್ಣಾರೆ ಓದಿ ತಿಳಿದುಕೊಂಡಿದ್ದ. ಅದಕ್ಕೇ ಅದರ ಮೇಲೆ ಅಷ್ಟು ನಂಬಿಕೆ.

ತೊಂಬತ್ತೊಂದರ ಚಳಿಗಾಲದಲ್ಲಿ ಗೋಪಾಲರಾಯರು ಏನೋ ಕೆಲಸಕ್ಕೆಂದು ಕಲಬುರಗಿಗೆ ಬಂದಿದ್ದರು. ಜಗತ್ ಸರ್ಕಲ್ಲಿನಲ್ಲಿ ಇಳಿದವರನ್ನು ಕರೆದುಕೊಂಡು ಬಂಡು ಶರಣಬಸವೇಶ್ವರ ಗುಡಿಯ ಕಡೆಗಿದ್ದ ತನ್ನ ಮನೆಗೆ ಹೊರಟ. ಎಂದಿನಂತೆ ಅಣ್ಣನ ಹಿಂದೆ ಓಡಬೇಕಾದೀತು ಎಂದುಕೊಂಡಿದ್ದ. ಅಣ್ಣ ಸ್ವಲ್ಪ ದೂರ ನಡೆದು ಒಂದು ಅಂಗಡಿಯ ಮುಂದೆ ನಿಂತರು. ಮತ್ತೆ ಸ್ವಲ್ಪ ನಡೆದು ಇನ್ನೊಂದರ ಮುಂದೆ ನಿಂತರು.

‘ಏನ್ ನೋಡ್ಲಿಕ್ಕತ್ತಿ ಅಣ್ಣಾ?’

‘ಏನಿಲ್ಲೋ. ಆ ಛತ್ರಿ ಚಲೋ ಅವ ಅಂತ...’

‘ಚಳಿಗಾಲದಾಗ ಛತ್ರಿ ಯಾಕ?’

ಗೋಪಾಲರಾಯರು ಎಡಗಾಲಿನ ಮೀನಖಂಡವನ್ನು ಕೈಯಿಂದ ಒತ್ತಿಕೊಂಡರು. ‘ಇಲ್ಲಿ ಹಿಡದಂಗ ಆಗ್ತದ ನೋಡು. ನಿಂತ್ರ ಹೋಗ್ತದ. ನಡದ್ರ ಮತ್ತ ಬರ್ತದ. ವಯಸ್ಸಾತು.’

ಇದೇ ಮಾತನ್ನು ಬಂಡು ಇಂಗ್ಲಿಷಿನಲ್ಲಿ ಎಷ್ಟೋ ಫೈಲುಗಳ ಮೊದಲ ಪುಟದಲ್ಲಿ ಓದಿದ್ದ. ಅಣ್ಣನ ಅಂಗಿಯ ಕಿಸೆಯಲ್ಲಿ ಸಿಗರೇಟಿನ ಪಾಕೀಟು ಎದ್ದು ಕಾಣುತ್ತಿತ್ತು. ಬಿಸಿಲಲ್ಲಿ ತಿರುಗುವವರಿಗೆ ಅದೊಂದೇ ನೆರಳು ಎಂದು ಅಣ್ಣ ಮೊದಲಿನಿಂದಲೂ ಅನ್ನುತ್ತಿದ್ದರು.

ಮರುದಿನವೇ ಅವರನ್ನು ಆಸ್ಪತ್ರೆಗೆ ಕರೆದೊಯ್ದ. ಹೊರರೋಗಿಗಳ ಬೆಂಚಿನ ಮೇಲೆ ಕಮಲಾಪುರದ ಬಾಳೆ ಬೆಳೆಗಾರ ಕಲ್ಯಾಣಪ್ಪನೂ ಕೂತಿದ್ದ. ಗೋಪಾಲರಾಯರಿಗೆ ಅವನ ಮನೆ, ತೋಟ, ಅವನಿಗೆ ಬರುವ ಕಾಗದಗಳ ಗುರುತು ಎಲ್ಲ ಗೊತ್ತು. ‘ನನಗೂ ಇದ ನೋಡ್ರಿ ರಾಯರ. ತ್ವಾಟದ ಬಾಂವಿ ತನಕ ಹೋಗೋದ್ರಾಗ ಕಾಲ್ ಹಿಡ್ಕೋತದ’ ಎಂದು ಅವನು ಹೇಳುತ್ತಿರುವಾಗಲೇ ಬಂಡು ಆಸ್ಪತ್ರೆಯವನೆಂಬ ಸಲುಗೆಯಿಂದ ಅಣ್ಣನನ್ನು ಸರದಿ ತಪ್ಪಿಸಿ ಒಳಗೆ ಒಯ್ದ.

ತರುಣ ಸರ್ಜನ್ ಗೋಪಾಲರಾಯರ ಪಾದದ ಮೇಲೆ ಬೆರಳಿಟ್ಟು ನಾಡಿ ಹುಡುಕಿದರು, ತೊಡೆಯ ಸಂದಿನಲ್ಲಿ ಮುಟ್ಟಿ ನೋಡಿದರು. ಗೋಪಾಲರಾಯರು ಪಕ್ಕದ ಪರದೆಯ ಹಿಂದೆ ಧೋತರ ಸರಿಪಡಿಸಿಕೊಳ್ಳುತ್ತಿರುವಾಗ ಸರ್ಜನ್ ಬಂಡುವನ್ನು ಬಾಗಿಲ ಹೊರಗೆ ಕರೆದು ಹೇಳಿದರು: ‘ನಾಳ ಸಣ್ಣಾಗೇದ. ಆದ್ರ ಹುಣ್ಣಿಲ್ಲ, ಕಾಲು ಬೆಚ್ಚಗದ. ಸಿಗರೇಟು ಪೂರ್ತಿ ಬಿಡಸ್ರಿ. ಈ ಗುಳಗಿ ಕೊಡ್ರಿ. ಮತ್ತ ದಿನಾ ನಡಸ್ರಿ. ನೋವು ಬರೋತನಕ ನಡೀಲಿ, ನಿಂದರ್ಲಿ, ಮತ್ತ ನಡೀಲಿ. ನಡದಷ್ಟೂ ಸಣ್ಣ ಸಣ್ಣ ನಾಳ ದಾರಿ ಮಾಡ್ಕೊಳ್ತಾವ. ಸ್ವಲ್ಪ ದಿನ ಬಿಟ್ಟು ಕರ್ಕೊಂಡು ಬರ್ರಿ.’

ಬಂಡು ತಲೆಯಾಡಿಸಿದ. ಅಣ್ಣನನ್ನು ಮನೆಗೆ ಕಳಿಸಿ ಕೆಳಗೆ ಬಂದು, ಆ ಸಂಖ್ಯೆಯ ಫೈಲುಗಳನ್ನು ಕಪಾಟಿನಿಂದ ತೆಗೆದು ಮೇಜಿನ ಮೇಲೆ ಹರವಿಕೊಂಡ. ಒಕ್ಕಲಿಗ, ಹಮಾಲ, ಕುರಿ ಕಾಯುವವ, ಮಾಸ್ತರ. ಎಲ್ಲರೂ ನಡೆದವರೇ. ಎಲ್ಲರ ಕಾಲೂ ಹೋಗಿತ್ತು. ಈ ಡಾಕ್ಟರು ನಿನ್ನೆ ಮೊನ್ನೆ ಕಲಿತು ಬಂದ ಹುಡುಗ, ಇಲ್ಲಿ ಬಂದು ಈ ಕಪಾಟು ನೋಡಿದ್ದಾನೆಯೇ ಎಂದುಕೊಂಡ. ಕೀಲು ಕೆಟ್ಟ ಗಾಡಿಯನ್ನು ಯಾರಾದರೂ ಓಡಿಸುತ್ತಾರೆಯೇ? ಇದ್ದ ಕಾಲನ್ನಾದರೂ ಸವೆಯದಂತೆ ಇಡಬೇಕು.

ಸಂಜೆ ಗೋಪಾಲರಾಯರು ಕೇಳಿದರು. ‘ಡಾಕ್ಟರು ನಿನ್ನ ಕಡೆ ಏನೇನೋ ಹೇಳಿದ್ರಲ್ಲ, ಏನಂದ್ರು?’

‘ಸಿಗರೇಟು ಬಿಡಬೇಕಂತ. ಕಾಲಿಗೆ ವಿಶ್ರಾಂತಿ ಬೇಕಂತ.’

ಮೊದಲ ಮಾತು ಡಾಕ್ಟರದ್ದು. ಎರಡನೆಯದು ಬಂಡುವಿನದು. ಹೇಳುವಾಗ ಅವನ ದನಿ ಒಂದಿಷ್ಟೂ ನಡುಗಲಿಲ್ಲ.

‘ಟಪಾಲ್ ಯಾರ್ ಒಯ್ಬೇಕೋ?’

‘ಬ್ಯಾರೆ ಯಾರರೆ ಒಯ್ತಾರ. ಇಷ್ಟು ವರ್ಷ ನನ್ನ ಸಲುವಾಗಿ ನಡದಿ. ಇನ್ನರೆ ಕೂಡು.’

ಗೋಪಾಲರಾಯರು ಮೊದಲು ಒಪ್ಪಲಿಲ್ಲ. ಬಂಡು ಕಮಲಾಪುರಕ್ಕೆ ಹೋಗಿ ಅತ್ತಿಗೆ ಸಾವಿತ್ರೀಬಾಯಿಯನ್ನು ಹೆದರಿಸಿದ, ಪೋಸ್ಟ್ ಮಾಸ್ತರರಿಗೆ ಹೇಳಿದ, ತಾನೇ ಓಡಾಡಿ ಕಾಯಿಲೆಯ ಮೇಲೆ ನಿವೃತ್ತಿ ಮಾಡಿಸಿದ. ಇಬ್ಬರನ್ನೂ ಕಲಬುರಗಿಯ ತನ್ನ ಮನೆಗೆ ಕರೆತಂದ. ಪಡಸಾಲೆಯ ಕಿಟಕಿಯ ಬದಿಗೆ ಅಣ್ಣನಿಗೊಂದು ಮಂಚ ಹಾಕಿದ. ಸ್ನಾನಕ್ಕೆ ನೀರನ್ನು ತಾನೇ ಹೊತ್ತು ತಂದುಕೊಟ್ಟ. ಹತ್ತಿರದ ಗುಡಿಗೂ ರಿಕ್ಷಾದಲ್ಲಿ ಕಳಿಸಿದ. ಡಾಕ್ಟರ ಬಳಿಗೆ ಮತ್ತೆ ಕರೆದೊಯ್ಯಲು ಹೇಳಿದ್ದರೂ, ಗುಳಿಗೆ ನಡೆದೇ ಇದೆಯಲ್ಲ ಎಂದು ಮುಂದೂಡಿದ. ನೋಡಿದವರೆಲ್ಲ ತಮ್ಮನೆಂದರೆ ಹೀಗಿರಬೇಕು ಅಂದರು. ಆ ಮಾತು ಬಂಡುವಿನ ಕಿವಿಗೂ ಬೀಳುತ್ತಿತ್ತು. ಬಿದ್ದಾಗ ಸುಖವೆನಿಸುತ್ತಿತ್ತು.

ಅನುಮಾನ ಬಂದದ್ದು ಸಾವಿತ್ರೀಬಾಯಿಗೆ ಮಾತ್ರ. ಆಕೆ ಬಿಜಾಪುರದ ಕಡೆಯ ಹೆಣ್ಣು. ಮೈದುನನಿಗೆ ಮರಾಠಿ ರೂಢಿಯಂತೆ ಭಾವಜಿ ಎನ್ನುತ್ತಿದ್ದರು, ಅವನು ಅತ್ತಿಗೆಗೆ ವೈನಿ ಎನ್ನುತ್ತಿದ್ದ; ಆಕೆ ಎದುರಾಡುತ್ತಿರಲಿಲ್ಲ. ಒಂದು ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು ಅಂದರು:

‘ಭಾವಜಿ, ನಿನ್ನೆ ನೀವಿಲ್ಲದಾಗ ಇವರು ಮೂಲಿ ತನಕ ಹೋಗಿ ಬಂದ್ರು. ನಡದ ಬಂದ ದಿನ ಚಲೋ ಉಣ್ತಾರ, ಚಲೋ ಮಲಗ್ತಾರ. ಕೂತ ದಿನ ಕಾಲು ಇನ್ನಾ ಜಡ ಅಂತಾರ. ಒಂದೀಟು ನಡೀಲಿ ಬಿಡ್ರಿ.’

‘ವೈನಿ, ನಿಮಗ ಗೊತ್ತಾಗೋದಿಲ್ಲ. ಇಂಥಾ ಕಾಲು ನಾ ಎಷ್ಟು ನೋಡೀನಿ!’

‘ನೀವು ಕಾಲು ಎಲ್ಲಿ ನೋಡ್ತೀರಿ ಭಾವಜಿ, ಕಾಗದ ನೋಡ್ತೀರಿ.’

ಬಂಡುವಿಗೆ ಸಿಟ್ಟು ಬಂತು. ‘ನಾಳೆ ಕಾಲು ಕಡದ್ರ ನೀವ ಜವಾಬು ಕೊಡ್ತೀರೇನು?’ ಎಂದುಬಿಟ್ಟ. ಸಾವಿತ್ರೀಬಾಯಿ ಸೆರಗು ಹೊದ್ದುಕೊಂಡು ಒಳಗೆ ಹೋದರು. ಆಮೇಲೆ ಆ ಮಾತು ಎತ್ತಲಿಲ್ಲ. ಗೋಪಾಲರಾಯರನ್ನು ಬೀದಿಯ ಮೂಲೆಯ ತನಕ ಬಿಡುವುದನ್ನೂ ನಿಲ್ಲಿಸಿದರು.

ಕೂತಲ್ಲಿ ಕೂತು ಗೋಪಾಲರಾಯರ ಸ್ವಭಾವವೇ ಬದಲಾಯಿತು. ಬಿಟ್ಟಿದ್ದ ಸಿಗರೇಟನ್ನು ಹೊತ್ತು ಹೋಗದೆ ಮತ್ತೆ ಹಿಡಿದರು. ರಸ್ತೆಯಲ್ಲಿ ಹೋಗುವವರನ್ನು ಕಿಟಕಿಯಿಂದ ಕರೆದು ತರಿಸಿಕೊಳ್ಳುತ್ತಿದ್ದರು. ಬಂಡುವಿಗೆ ವಾಸನೆ ಬಂದರೂ, ಎಲ್ಲವನ್ನೂ ಬಿಡಿಸಿದ್ದೇನೆ, ಇದೊಂದಾದರೂ ಇರಲಿ ಎಂದು ಕಂಡೂ ಕಾಣದಂತೆ ಇರುತ್ತಿದ್ದ. ಬಿಡಿಸಬೇಕಾದದ್ದನ್ನು ಬಿಡಿಸಲಿಲ್ಲ, ಬಿಡಿಸಬಾರದ್ದನ್ನು ಬಿಡಿಸಿದ.

ಎರಡನೆಯ ವರ್ಷದ ಹೊತ್ತಿಗೆ ಮಲಗಿದಾಗಲೂ ಪಾದ ಉರಿಯತೊಡಗಿತು. ಗೋಪಾಲರಾಯರು ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟುಕೊಂಡು ಕೂತೇ ಇರುತ್ತಿದ್ದರು. ಉಗುರು ತೆಗೆಯುವಾಗ ಕಿರುಬೆರಳಿಗೆ ಆದ ಗಾಯ ಮಾಯಲಿಲ್ಲ, ಬೆರಳು ಕಪ್ಪಾಯಿತು, ಕಪ್ಪು ಮೇಲಕ್ಕೆ ಏರಿತು. ಆಸ್ಪತ್ರೆಯಲ್ಲಿ ಅದೇ ಸರ್ಜನ್ ಕಾಲು ನೋಡಿ ಬಂಡುವಿನ ಮುಖ ನೋಡಿದರು.

‘ನಡಸಿದ್ರೇನ್ರಿ?’

‘ಆಗ್ಲಿಲ್ಲ ಸಾಹೇಬ್ರ.’

ಸರ್ಜನ್ ಮತ್ತೊಮ್ಮೆ ಪಾದ ಮುಟ್ಟಿ ನೋಡಿದರು. ಹೈದರಾಬಾದಿಗೆ ಒಯ್ದು ನಾಳ ಜೋಡಿಸುವ ಹೊತ್ತು ಮೀರಿದೆ ಅಂದರು. ಮೊಣಕಾಲಿನ ಕೆಳಗೆ ಕಾಲು ತೆಗೆದರು.

ಗೋಪಾಲರಾಯರು ಮನೆಗೆ ಹೋದ ಮೇಲೆ ಅವರ ಫೈಲು ಎಲ್ಲ ಫೈಲುಗಳಂತೆ ಕೆಳಗೆ ಇಳಿದು ಬಂತು. ಮಂಜೂರ್ ಅದನ್ನು ನೋಡಿ ತನ್ನ ಕಡೆ ಎಳೆದುಕೊಂಡ. ‘ಬಿಡ್ರಿ, ಇದೊಂದು ನಾ ಬರೀತೀನಿ.’

‘ಬ್ಯಾಡ ಮಂಜೂರ್. ನಮ್ಮಣ್ಣಂದು’ ಎಂದು ಬಂಡು ಕೆಂಪು ಪೆನ್ನು ತೆಗೆದ. ಅಷ್ಟು ದುಃಖದಲ್ಲೂ ಅವನ ಮನಸ್ಸಿನ ಮೂಲೆಯಲ್ಲಿ ಒಂದು ಮಾತಿತ್ತು: ನಾನು ಅಂದುಕೊಂಡಂತೆಯೇ ಆಯಿತು, ಈ ರೋಗವೇ ಹೀಗೆ. ಮುಂದೆ ಜೀವಮಾನವಿಡೀ ಅವನನ್ನು ನಾಚಿಸಿದ್ದು ಆ ಮಾತು.

ಗಾಯ ಮಾಗಿದ ಮೇಲೆ ಗೋಪಾಲರಾಯರು ಕಲಬುರಗಿಯಲ್ಲಿ ಇರಲು ಒಪ್ಪದೆ ಊರಿಗೆ ಹೋದರು. ಬಂಡು ರಜೆ ಸಿಕ್ಕಾಗಲೆಲ್ಲ ಹೋಗಿ ಬರುತ್ತಿದ್ದ. ಹಾಗೆ ಹೋದ ಒಂದು ಭಾನುವಾರ ಅಣ್ಣತಮ್ಮಂದಿರಿಬ್ಬರೂ ಕಟ್ಟೆಯ ಮೇಲೆ ಕೂತಿದ್ದಾಗ ತೋಟದ ಕಡೆಯಿಂದ ಒಬ್ಬ ಬಂದ. ಹೆಗಲ ಮೇಲೆ ಕೆಂಪು ಬಾಳೆಯ ಗೊನೆ, ದಾಪುಗಾಲು. ಹತ್ತಿರ ಬಂದಾಗ ನೋಡಿದರೆ ಕಲ್ಯಾಣಪ್ಪ.

ಬಂಡು ಅವನ ಮುಖ ನೋಡಲಿಲ್ಲ, ಕಾಲು ನೋಡಿದ. ಎರಡೂ ಇದ್ದವು.

‘ಶರಣ್ರೀ ರಾಯರ’ ಎಂದು ಕಲ್ಯಾಣಪ್ಪ ಗೊನೆ ಇಳಿಸಿ, ಗೋಪಾಲರಾಯರ ಮಡಚಿದ ಧೋತರದ ಕಡೆ ನೋಡಿ ಮರುಗಿದ. ‘ಮಗಳ ಊರಾಗಿದ್ದೆ, ಗೊತ್ತ ಆಗಿಲ್ರಿ. ಏನಾತ್ರೀ ಇದು? ಆವತ್ತು ನಾನೂ ನೀವೂ ಜೋಡೀಲೆ ಕೂತಿದ್ದೆವಲ್ರಿ?’

‘ಆಗೋದು ಆತು. ನಿಂದು ಹ್ಯಾಂಗದ?’

‘ನಂದು ಆರಾಮದ್ರೀ. ಡಾಕ್ಟರ್ ಸಾಹೇಬ್ರು ಆವತ್ತು ಹಂಗ ಬೈದ್ರು ನೋಡ್ರಿ! ಬೀಡಿ ಬೇಕೋ ಕಾಲ್ ಬೇಕೋ ಹೇಳು ಅಂದ್ರು. ಅಲ್ಲೇ ಕಿಟಕಿ ಹೊರಗ ಒಗದ ಬಂದೆ. ಮತ್ತ ನಡೀಬೇಕಂದ್ರು. ನೋವು ಬಂದ್ರ ನಿಂದ್ರು, ಹೋದ ಮ್ಯಾಲ ನಡಿ. ಮೊದಮೊದಲು ಬಾಂವಿ ತನಕ ಹೋಗೋದ್ರಾಗ ಕಣ್ಣಾಗ ನೀರ್ ಬರ್ತಿತ್ರಿ. ಹಟ ಹಿಡದ ನಡದೆ. ಈಗ ಎಲ್ಲಾ ತ್ವಾಟ ಸುತ್ತ ಹೊಡೀತೀನಿ, ನಡುವ ಒಮ್ಮೆ ನಿಂತ್ರ ಸಾಕು.’ ಅವನು ನಿಲ್ಲಿಸಿ ಇಬ್ಬರ ಮುಖವನ್ನೂ ನೋಡಿದ. ‘ನಿಮಗೂ ಹೇಳಿರ್ಬೇಕಲ್ರಿ?’

ಗೋಪಾಲರಾಯರು ತಮ್ಮನ ಕಡೆ ತಿರುಗಿದರು. ‘ಹೇಳಿದ್ರೇನೋ ಬಂಡು?’

ಸುಳ್ಳು ಹೇಳಬಹುದಿತ್ತು. ಆ ಕ್ಷಣ ಬಾಯಿಗೆ ಬರಲಿಲ್ಲ. ‘ಹೇಳಿದ್ರು.’

ಕಲ್ಯಾಣಪ್ಪನಿಗೆ ತಾನು ಆಡಬಾರದ ಮಾತು ಆಡಿದೆನೆಂದು ತಿಳಿಯಿತು. ಹಸುವಿಗೆ ನೀರು ಕುಡಿಸುವುದಿದೆ ಎಂದೇನೋ ಹೇಳಿ, ಗೊನೆಯನ್ನು ಅಲ್ಲೇ ಬಿಟ್ಟು ಹೊರಟುಹೋದ. ಬಾಗಿಲಲ್ಲಿ ಚಹಾದ ಬಟ್ಟಲು ಹಿಡಿದು ನಿಂತಿದ್ದ ಸಾವಿತ್ರೀಬಾಯಿ ಎಲ್ಲವನ್ನೂ ಕೇಳಿದ್ದರು. ಬಟ್ಟಲುಗಳನ್ನು ಕೆಳಗಿಡದೆ ಹಾಗೆಯೇ ಒಳಗೆ ಒಯ್ದರು.

ಗೋಪಾಲರಾಯರು ಕೇಳಿದರು. ‘ಮತ್ತ್ಯಾಕ ಕೂಡಿಸಿದಿ ನನ್ನ?’

‘ನಮ್ಮ ಕಡೆ ಬಂದ ಫೈಲಿನವರೆಲ್ಲಾ ಕಾಲು ಕಳ್ಕೊಂಡವರ ಅಣ್ಣಾ. ನಡದವರದೂ ಹೋಗಿತ್ತು. ನಿಂದಾದ್ರೂ ಉಳೀಲಿ ಅಂತ...’

‘ಈ ಕಲ್ಯಾಣಪ್ಪಂದು ಫೈಲು ಇತ್ತೇನು ನಿನ್ನ ಹತ್ರ?’

‘ಇಲ್ಲ. ಅಂವಾ ಭರ್ತಿ ಆಗ್ಲೇ ಇಲ್ಲಲ್ಲ. ಚೀಟಿ ಬರಸ್ಕೊಂಡು ಮನೀಗಿ ಹೋದವರ ಕಾಗದ ನಮ್ಮ ತನಕ ಬರೋದ ಇಲ್ಲ...’

ಇದು ಬಂಡುವಿಗೆ ಹೊಸದಾಗಿ ತಿಳಿದದ್ದಲ್ಲ, ನೌಕರಿ ಸೇರಿದ ದಿನದಿಂದ ಗೊತ್ತಿದ್ದದ್ದೇ. ಆದರೆ ಅದರ ಅರ್ಥ ಈಗ ಹೊಳೆಯಿತು. ಗುಣವಾದವರು ಯಾಕೆ ಭರ್ತಿಯಾಗಬೇಕು? ಅವರು ತಮ್ಮ ಪಾಡಿಗೆ ತೋಟ, ಅಂಗಡಿ, ಬಜಾರದಲ್ಲಿ ಅಡ್ಡಾಡಿಕೊಂಡಿದ್ದರು. ಕಪಾಟಿನ ತುಂಬ ಇದ್ದದ್ದು ಸೋತವರು ಮಾತ್ರ. ಆ ಸೋತವರನ್ನೇ ಲೋಕವೆಂದು ತಿಳಿದು ಅವನು ಅಣ್ಣನನ್ನು ಕಟ್ಟಿಹಾಕಿದ್ದ.

ಗೋಪಾಲರಾಯರು ಗೋಡೆ ಹಿಡಿದು ಎದ್ದು ಒಳಗೆ ಹೋದರು. ಬಂಡು ಊಟ ಮಾಡದೆ ಬಸ್ಸು ಹತ್ತಿದ.

ಒಮ್ಮೆ ಆಸ್ಪತ್ರೆಯ ಅಂಗಳದಲ್ಲಿ ಆ ಸರ್ಜನರನ್ನು ತಡೆದು ನಿಲ್ಲಿಸಿ, ನಡೆಸಿದ್ದರೆ ಅಣ್ಣನ ಕಾಲು ಉಳಿಯುತ್ತಿತ್ತೇ ಎಂದು ಕೇಳಿದ. ಅವರು ಸುಮ್ಮನೆ ಸಮಾಧಾನ ಹೇಳುವ ಜಾತಿಯವರಲ್ಲ. ‘ಹೇಳಲಿಕ್ಕೆ ಬರೋದಿಲ್ಲ ಕುಲಕರ್ಣಿ. ಸಿಗರೇಟು ಬಿಡದಿದ್ರ ಹೋಗ್ತಿತ್ತೋ ಏನೋ. ಎರಡೂ ಮಾಡಿದ್ರ ಬಹಳ ಮಂದೀದು ಉಳೀತದ’ ಎಂದು ಹೋದರು. ‘ಹೇಳಲಿಕ್ಕೆ ಬರೋದಿಲ್ಲ’ ಎನ್ನುವುದನ್ನು ಹಿಡಿದುಕೊಂಡು ನೆಮ್ಮದಿಯಾಗಿರಲು ಬಂಡು ಎಷ್ಟೋ ಸಲ ನೋಡಿದ. ‘ಬಹಳ ಮಂದೀದು’ ಎನ್ನುವುದು ಬಿಡಲಿಲ್ಲ.

ಗೋಪಾಲರಾಯರು ಕೆಲವು ತಿಂಗಳ ಮೇಲೆ ತಾವಾಗಿಯೇ ಹೇಳಿಕಳಿಸಿದರು. ಬಂಡು ಹೋದಾಗ ಬಗಲಿಗೆ ಊರುಗೋಲು ಕೊಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದರು. ‘ಸಿಗರೇಟು ಬಿಟ್ಟೀನಿ. ಇನ್ನೊಂದು ಕಾಲರೆ ಇರ್ಲಿ. ನಡಿ, ಟಪಾಲ್ ಆಫೀಸಿನ ತನಕ ಹೋಗಿ ಬರೋಣು’ ಅಂದರು. ಇಬ್ಬರೂ ನಡೆದರು. ಬಂಡು ತೋಳು ಹಿಡಿಯಲು ಹೋದರೆ ಗೋಪಾಲರಾಯರು ಕೈ ಬಿಡಿಸಿಕೊಂಡರು. ‘ಹಿಡೀಬ್ಯಾಡ. ಜೋಡೀಲೆ ಬಾ, ಸಾಕು.’ ದಾರಿಯಲ್ಲಿ ಹಳೆಯ ಮನೆಗಳನ್ನು ತೋರಿಸಿ, ಯಾರ ಮನೆಗೆ ಎಂಥ ಸುದ್ದಿ ಒಯ್ದಿದ್ದೆ ಎಂದು ಹೇಳುತ್ತಿದ್ದರು. ಕಾಲಿನ ಮಾತು ಮಾತ್ರ ಅವರಿಬ್ಬರ ನಡುವೆ ಮತ್ತೆ ಬರಲಿಲ್ಲ. ಹೀಗೆ ಕೆಲವು ವರ್ಷ ನಡೆಯಿತು. ತೊಂಬತ್ತೆಂಟರ ಬೇಸಿಗೆಯಲ್ಲಿ ಎದೆನೋವು ಬಂದು ಗೋಪಾಲರಾಯರು ಮನೆಯಲ್ಲೇ ತೀರಿಕೊಂಡರು.

ಅದಾದ ಮೇಲೆ ರೋಗಗಳ ಹೊಸ ಪುಸ್ತಕ ಬಂತು. ಸಂಖ್ಯೆಗಳ ಮೊದಲಿಗೆ ಇಂಗ್ಲಿಷ್ ಅಕ್ಷರಗಳು ಸೇರಿ, ಅಣ್ಣನ ರೋಗ ಐ ಎಪ್ಪತ್ತು ಪಾಯಿಂಟ್ ಎರಡು ಆಯಿತು. ಹೊಸಬರಿಗೆ ಕಲಿಸುವ ಕೆಲಸ ಬಂಡುವಿನ ಪಾಲಿಗೆ ಬಂತು. ಅವನು ಚೆನ್ನಾಗಿ ಕಲಿಸಿದ. ಆದರೆ ಯಾವುದೋ ರೋಗದ ಬಗ್ಗೆ ‘ಇದು ಬಂದ್ರ ಉಳಿಯೋದಿಲ್ಲ ಅಲ್ರೀ ಸರ?’ ಎಂದು ಯಾರಾದರೂ ಕೇಳಿದರೆ ಒರಟಾಗಿ ಮಾತು ಮುರಿಯುತ್ತಿದ್ದ. ‘ಅದು ನಮಗ ಗೊತ್ತಿಲ್ಲ. ಮ್ಯಾಲ ಹೋಗಿ ಡಾಕ್ಟರಿಗಿ ಕೇಳು.’ ಸರ್‌ಗೆ ಯಾಕೆ ಇಷ್ಟು ಸಿಟ್ಟು ಎಂದು ಅವರಿಗೆ ತಿಳಿಯುತ್ತಿರಲಿಲ್ಲ. ಮಂಜೂರ್‌ಗೆ ತಿಳಿಯುತ್ತಿತ್ತು. ಅವನು ಆಗ ನಗುತ್ತಿರಲಿಲ್ಲ.

ನಿವೃತ್ತಿಯಾದ ವರ್ಷ ಬಂಡು ಕಮಲಾಪುರಕ್ಕೆ ಹೋದ. ಅಣ್ಣ ತೀರಿದ ಮೇಲೆಯೂ ಅವನು ಹಬ್ಬಹುಣ್ಣಿಮೆಗೆ ಹೋಗುತ್ತಲೇ ಇದ್ದ. ಸಾವಿತ್ರೀಬಾಯಿ ಬರ್ರಿ ಅನ್ನುತ್ತಿದ್ದರು, ಚಹಾ ಕೊಡುತ್ತಿದ್ದರು, ಜಾನಕೀಬಾಯಿಯ ಆರೋಗ್ಯ ವಿಚಾರಿಸುತ್ತಿದ್ದರು. ಆದರೆ ಕಲ್ಯಾಣಪ್ಪ ಬಂದು ಹೋದ ದಿನದಿಂದ ಒಮ್ಮೆಯೂ ಕಲಬುರಗಿಯ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಬಂಡುವಿನ ಮಗಳ ಮದುವೆಗೂ ಬಂದಿರಲಿಲ್ಲ.

‘ವೈನಿ, ಅಣ್ಣ ನನ್ನ ಕ್ಷಮಿಸಿದ್ದ’ ಎಂದ ಬಂಡು. ಇಷ್ಟು ವರ್ಷಗಳಲ್ಲಿ ಮೊದಲ ಸಲ.

ಸಾವಿತ್ರೀಬಾಯಿ ಬತ್ತಿ ಹೊಸೆಯುತ್ತಿದ್ದ ಕೈ ನಿಲ್ಲಿಸಿದರು. ‘ಹೌದು ಭಾವಜಿ. ಅವರು ಅಂಥವರು. ನೀವೂ ಕೆಟ್ಟವರಲ್ಲ. ನೀವು ನೀರು ಹೊತ್ತು ಹಾಕಿದ್ದು ನಾ ಮರತಿಲ್ಲ.’

‘ಮತ್ತ?’

‘ನಾ ಹೇಳಿದ್ದೆ. ನಡದ ದಿನ ಚಲೋ ಮಲಗ್ತಾರ ಅಂತ ನಾ ಕಣ್ಣಾರೆ ಕಂಡು ಹೇಳಿದ್ದೆ. ನೀವು ಜವಾಬು ಕೊಡ್ತೀರೇನು ಅಂದ್ರಿ. ನಾ ಅಂಜಿದೆ. ಅಂಜಿ ಅವರನ್ನ ಮೂಲಿ ತನಕ ಸುದ್ದಾ ಬಿಡ್ಲಿಲ್ಲ.’ ಆಕೆಯ ದನಿ ಏರಲಿಲ್ಲ. ‘ನಿಮ್ಮ ಮನೀಗಿ ಬಂದ್ರ ಆ ಕಿಟಕಿ ಕಾಣ್ತದ. ನಿಮ್ಮ ಮ್ಯಾಲಿನ ಸಿಟ್ಟಲ್ಲ ಭಾವಜಿ. ನನ್ನ ಮ್ಯಾಲ ನನಗ ಸಿಟ್ಟು ಬರ್ತದ.’

ತನ್ನ ತಪ್ಪಿನ ಭಾರವನ್ನು ತಾನೊಬ್ಬನೇ ಹೊತ್ತಿದ್ದೇನೆ ಎಂದು ಬಂಡು ಇಷ್ಟು ದಿನ ತಿಳಿದಿದ್ದ. ಅದರಲ್ಲಿ ಅರ್ಧವನ್ನು ಈ ಹೆಂಗಸು, ಏನೂ ತಪ್ಪು ಮಾಡದೆ, ಸದ್ದಿಲ್ಲದೆ ಹೊತ್ತುಕೊಂಡು ಬಂದಿದ್ದರು. ‘ನಿಮ್ಮ ತಪ್ಪೇನೂ ಇಲ್ಲ ವೈನಿ’ ಅಂದ. ಎರಡು ಸಲ ಅಂದ. ಆಕೆ ಮತ್ತೆ ಬತ್ತಿ ಹೊಸೆಯತೊಡಗಿದರು.

ಹೊರಡುವಾಗ ಸಾವಿತ್ರೀಬಾಯಿ ಬಾಗಿಲ ತನಕ ಬಂದು, ಬಿಸಿಲು ಇಳಿದ ಮೇಲೆ ಹೋಗಬಹುದಿತ್ತು ಅಂದರು. ಮನೆಯಲ್ಲಿ ಜಾನಕಿ ಕಾಯುತ್ತಾಳೆ ಎಂದು ಬಂಡು ಚಪ್ಪಲಿ ಮೆಟ್ಟಿದ. ಬಸ್ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಅವನ ಕಾಲುಗಳು ಚೆನ್ನಾಗಿಯೇ ನಡೆಯುತ್ತಿದ್ದವು.